ಲುಂಬಿನಿ ಫೋಟೋ ಇಳಿಸಲು ಮಳಖೇಡಕ್ಕೆ ಹೋದದ್ದು

ನಮ್ಮ ಭಾಗದಲ್ಲಿ ಫೋಟೋವನ್ನು ತೆಗೆಯುವುದಿಲ್ಲ, ಇಳಿಸುತ್ತಾರೆ. ವಾಡಿಯಲ್ಲಾಗಲಿ ಶಹಾಬಾದಿನಲ್ಲಾಗಲಿ ಯಾರ ಬಾಯಲ್ಲಿ ಕೇಳಿದರೂ "ನಂದೊಂದು ಫೋಟೋ ಇಳಸ್ರಿ" ಎಂಬುದೇ ಮಾತು. ಉರ್ದುವಿನವರು ‘ಉತಾರ್ನಾ’ ಎನ್ನುತ್ತಾರೆ. ಯಾವ ಪುಣ್ಯಾತ್ಮರೋ ಅದನ್ನು ಹಾಗೆಯೇ ಕನ್ನಡಕ್ಕೆ ತಂದುಬಿಟ್ಟರು. ತರಗತಿಯಲ್ಲಿ ನಾನು ಎಷ್ಟು ತಿದ್ದಿದರೂ ಹುಡುಗರು ಬಿಡಲಿಲ್ಲ. ಬಸ್ಸಿನಿಂದ ಮೂಟೆ ಇಳಿಸುತ್ತೇವೆ, ಒಲೆಯ ಮೇಲಿನಿಂದ ಪಾತ್ರೆ ಇಳಿಸುತ್ತೇವೆ, ಕೂಸಿನ ದೃಷ್ಟಿ ಇಳಿಸುತ್ತೇವೆ. ಹಾಗೆಯೇ ಫೋಟೋ ಕೂಡ. ಈ ಒಂದು ಕ್ರಿಯಾಪದದಿಂದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಎಂಥ ಫಜೀತಿ ಬಂತು, ಅದರಿಂದ ಏನು ಫಲಿಸಿತು ಎಂಬುದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ಅವಳ ಹೆಸರು ಲುಂಬಿನಿ. ವಾಡಿ ಜಂಕ್ಷನ್ನಿನ ಹೊರಗೆ, ಚಹಾದಂಗಡಿಗಳ ಸಾಲಿನ ಕೊನೆಯಲ್ಲಿ ‘ಲುಂಬಿನಿ ಫೋಟೋಸ್’ ಎಂಬ ಫಲಕವಿದೆಯಲ್ಲ, ಅದು ಅವಳದೇ. ತಂದೆ ಭೀಮಶ್ಯಾ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದವನು. ತಾಯಿ ಶಿವಕಾಂತಮ್ಮ, ಮಾತಿನಲ್ಲಿ ಖಾರ ಸ್ವಲ್ಪ ಹೆಚ್ಚು, ಮನಸ್ಸು ಮಾತ್ರ ಬೆಣ್ಣೆ. ರೈಲ್ವೆ ಕ್ವಾರ್ಟರ್ಸಿನಿಂದ ನಮ್ಮ ಹೈಸ್ಕೂಲಿಗೆ ಬರುತ್ತಿದ್ದ ಈ ಹುಡುಗಿಗೆ ವ್ಯಾಕರಣ ಹತ್ತಲಿಲ್ಲ. ಕಣ್ಣು ಮಾತ್ರ ಭಾರಿ ಚುರುಕು.

ಹತ್ತನೆಯ ತರಗತಿಯ ಗ್ರೂಪ್ ಫೋಟೋದ ದಿನ ಶಹಾಬಾದಿನಿಂದ ಫೋಟೋದಂಗಡಿಯ ತಾಹಿರ್ ಸೇಠರು ಬಂದಿದ್ದರು. ನಮ್ಮನ್ನೆಲ್ಲ ಸೂರ್ಯನಿಗೆ ಎದುರಾಗಿ ಬೆಂಚಿನ ಮೇಲೆ ನಿಲ್ಲಿಸಿದರು. ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು:

"ಸೇಠಜೀ, ಹಿಂಗ ಇಳಸಿದ್ರ ಎಲ್ಲಾರೂ ನಿದ್ದಿ ಮಾಡ್ಲಿಕತ್ತಂಗ ಬರ್ತೀವ್ರಿ!"

ಸೇಠರು ಕಣ್ಣು ಕಿರಿದು ಮಾಡಿ ನೋಡಿದರು. ಬೈಯುತ್ತಾರೆಂದು ನಾವು ಅಂಜಿದೆವು. ಅವರು ನಕ್ಕು, ಬೆಂಚುಗಳನ್ನು ಬೇವಿನ ಮರದ ನೆರಳಿಗೆ ತಿರುಗಿಸಿದರು. ಹೋಗುವಾಗ ಆ ದನಿಯ ಒಡತಿ ಲುಂಬಿನಿಯನ್ನು ಕರೆದು, "ಬಾಯಿ ಜೋರ್ ಅದ, ಕಣ್ಣೂ ಜೋರ್ ಅದ. ಪರೀಕ್ಷಾ ಮುಗದ ಮ್ಯಾಲ ಶಹಾಬಾದಿಗಿ ಬಾ ಬೇಟಿ" ಎಂದರು.

ಅವರಿಗೆ ನಿಜವಾಗಿಯೂ ಒಬ್ಬ ಹುಡುಗಿ ಬೇಕಾಗಿದ್ದಳು. ಮದುವೆಮನೆಗಳಲ್ಲಿ ಹೆಂಗಸರ ಕಡೆಗೆ ಕ್ಯಾಮೆರಾ ಹಿಡಿದ ಗಂಡಸರನ್ನು ಬಿಡುತ್ತಿರಲಿಲ್ಲ. ಅಲ್ಲಿಗೆ ಅವರ ಪತ್ನಿ ತಾಜುನ್ನಿಸಾ ಒಲ್ಲದ ಮನಸ್ಸಿನಿಂದ ಹೋಗುತ್ತಿದ್ದರು. "ಬಟನ್ ಒತ್ತಿ ಒತ್ತಿ ಊಟದ ಪಂಕ್ತಿನೇ ತಪ್ಪತದವ್ವ ನನಗ. ನೀ ಬಂದಿ, ನನ್ನ ಬಿರ್ಯಾನಿ ಉಳೀತು" ಎಂದು ಕ್ಯಾಮೆರಾವನ್ನು ಮೊದಲ ದಿನವೇ ಲುಂಬಿನಿಯ ಕೊರಳಿಗೆ ಹಾಕಿದರು. ಮದುಮಗಳು ನಗಬೇಕಾದರೆ ಮೊದಲು ಎದುರು ನಿಂತವಳು ನಗಬೇಕು ಎಂಬ ಪಾಠವನ್ನೂ ಅವರೇ ಕಲಿಸಿದರು.

ದಿನವೂ ವಾಡಿಯಿಂದ ರೈಲು ಹತ್ತಿ ಹೋಗಿ ಅವಳು ಕೆಲಸ ಕಲಿತಳು. ಬೌದ್ಧರ ಮದುವೆಗಳಲ್ಲಿ ವಧೂವರರಿಗೆ ಬಿಳಿಯ ಉಡುಪು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಆ ಬಿಳುಪೆಲ್ಲ ಬೂದುಬಣ್ಣವಾಗಿ ಬರುತ್ತದೆಯಂತೆ. "ಬಿಳೀದಕ್ಕ ಮಷೀನು ಹೆದರ್ತದ್ರಿ ಸರ್, ನಾವು ಹೆದರಬಾರ್ದು" ಎಂದು ನನಗೆ ಒಮ್ಮೆ ವಿವರಿಸಿದಳು. ಶಹಾಬಾದಿನ ಕಲ್ಲಿನ ವ್ಯಾಪಾರಿಯೊಬ್ಬರು ತಮ್ಮ ಕಲ್ಲು ಫೋಟೋದಲ್ಲಿ ಸಪ್ಪೆಯಾಗಿ ಕಾಣುತ್ತದೆಂದು ಗೋಳಾಡಿದಾಗ, ಇವಳು ಒಂದೇ ಹಾಸುಗಲ್ಲಿನ ಅರ್ಧಕ್ಕೆ ನೀರು ಚಿಮುಕಿಸಿ, ಉಳಿದರ್ಧವನ್ನು ಒಣದಾಗಿಯೇ ಬಿಟ್ಟು ಫೋಟೋ ಇಳಿಸಿದಳು. ಒಣಗಿದ ಕಡೆ ಬೂದು, ಒದ್ದೆಯ ಕಡೆ ಕಡು ನೀಲಿ! ಆ ಚಿತ್ರ ನೋಡಿದವರು ಕಲ್ಲನ್ನು ಮುಟ್ಟಿ ನೋಡಿದಷ್ಟು ಖುಷಿಪಟ್ಟರು. ಮುಂದೆ ವಾಡಿಯಲ್ಲಿ ತನ್ನದೇ ಸ್ಟುಡಿಯೋ ತೆರೆದಳು. ಉದ್ಘಾಟನೆಗೆ ತಾಜುನ್ನಿಸಾ ಬಂದು, ಎಲ್ಲರಿಗಿಂತ ಮೊದಲು ಊಟಕ್ಕೆ ಕುಳಿತರು.

ಆಮೇಲೆ ಪ್ರತಿಯೊಬ್ಬರ ಕಿಸೆಗೂ ಮೊಬೈಲು ಬಂತು. ಹಬ್ಬಕ್ಕೆ ಹೊಸ ಬಟ್ಟೆ ತೊಟ್ಟು ಸ್ಟುಡಿಯೋಕ್ಕೆ ಬರುತ್ತಿದ್ದ ಸಂಸಾರಗಳು ಬರುವುದನ್ನು ಬಿಟ್ಟವು. ತಾಹಿರ್ ಸೇಠರು ತಮ್ಮ ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತರು. ಲುಂಬಿನಿಗೆ ಉಳಿದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋಗಳಷ್ಟೇ. ಹೋದ ವರ್ಷ ಮಾಘಮಾಸದಲ್ಲಿ ನಾನು ಅತ್ತ ಹೋದಾಗ, "ಯುಗಾದಿ ತನಕ ನೋಡ್ತೀನ್ರಿ ಸರ್. ಆಮ್ಯಾಲ ಶಟರ್ ಇಳಸ್ತೀನಿ" ಎಂದಳು. ಇಳಿಸುವುದೆಂಬ ಮಾತು ಆ ದಿನ ನನ್ನ ಕಿವಿಗೆ ಹಿತವಾಗಲಿಲ್ಲ.

ಅಂಥ ಹೊತ್ತಿನಲ್ಲಿ ಸೇಡಂನಿಂದ ಕರೆ ಬಂತು. ಅಲ್ಲಿ ತೊಗರಿಬೇಳೆಯ ಗಿರಣಿ ನಡೆಸುವ ಭೀಮಾಶಂಕರ ಸಾಹುಕಾರರು ಹೊಸ ಪಾಕೀಟು ಮಾಡಿಸುತ್ತಿದ್ದರು. ಹೈದರಾಬಾದಿನ ಕಂಪನಿಯೊಂದು ಮಾದರಿ ಕಳಿಸಿತ್ತು. ಲುಂಬಿನಿ ಹೋದಾಗ ಸಾಹುಕಾರರು ಅದನ್ನು ಅವಳ ಮುಂದೆ ಮೇಜಿನ ಮೇಲೆ ಬಡಿದು ಹಾಕಿದರು.

"ನೋಡವ್ವ ಇಲ್ಲಿ! ಸಿನಿಮಾದಾಕಿ ಇದ್ದಂಗ ಅದಾಳ. ಮೊರ ಹೆಂಗ ಹಿಡದಾಳ ನೋಡು!"

ಲುಂಬಿನಿ ನೋಡಿದಳು. ಆ ಚೆಲುವೆ ಮೊರವನ್ನು ಹಿಂದುಮುಂದಾಗಿ ಹಿಡಿದಿದ್ದಳು. ಒಮ್ಮೆ ಕೇರಿದರೆ ಬೇಳೆಯೆಲ್ಲ ಅವಳ ಮಡಿಲಿಗೇ! ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ನಗಬ್ಯಾಡ, ಕೇಳು" ಎಂದರು ಸಾಹುಕಾರರು. "ನನಗ ನಮ್ಮ ಕಡಿ ಹೆಣ್ಮಗಳು ಬೇಕು. ಬ್ಯಾಳಿ ಆರಿಸಿ ಗೊತ್ತಿದ್ದಾಕಿ. ಬರೂ ಸೋಮವಾರ ಅಚ್ಚಿಗಿ ಹೋಗ್ತದ. ಅಷ್ಟರಾಗ ತಂದಿ ಅಂದ್ರ ಪಾಕೀಟು, ಬೋರ್ಡು, ಕ್ಯಾಲೆಂಡರು, ವರ್ಷಿಡೀ ಕೆಲಸ ನಿಂದ. ತರಲಿಲ್ಲಂದ್ರ ಈ ಉಲ್ಟಾ ಮೊರಾನೇ ಛಾಪಸ್ತೀನಿ, ಏನ್ ಮಾಡ್ಲಿ!"

ಅವಳು ಗಾಳಿಯ ಮೇಲೆ ತೇಲುತ್ತ ಹೊರಗೆ ಬಂದಳು. ಅಂಗಡಿ ಉಳಿಯುವ ದಾರಿ ಕಂಡಿತ್ತು! ಮೊದಲು ದಂಡೋತಿಗೆ ಹೋದಳು. ಅಲ್ಲಿನ ಹೆಂಗಸರು ಬಹಳ ಉತ್ಸಾಹದಿಂದ ಒಪ್ಪಿದರು. ಒಳಗೆ ಹೋಗಿ, ಮುಖಕ್ಕೆ ಪೌಡರು ಬಳಿದು, ಇಳಕಲ್ ಸೀರೆಯುಟ್ಟು, ಮದುವೆಯ ಸರ ಹಾಕಿಕೊಂಡು ಬೇಳೆ ಆರಿಸಲು ಸಾಲಾಗಿ ಕುಳಿತರು. ಒಬ್ಬೊಬ್ಬರೂ ಉಸಿರು ಹಿಡಿದುಕೊಂಡು ಕ್ಯಾಮೆರಾವನ್ನೇ ದಿಟ್ಟಿಸುವವರು. ಬೇಳೆಯನ್ನು ನೋಡುವವರು ಒಬ್ಬರೂ ಇಲ್ಲ.

ಮಳಖೇಡದ ವೃಂದಾ ಎಂಬ ಕಾಲೇಜು ಹುಡುಗಿ ಇವಳ ಸ್ಟುಡಿಯೋದ ಗಿರಾಕಿ. ಅವಳಿಗೆ ಸುದ್ದಿ ತಿಳಿದು, "ನಮ್ಮ ಮನಿಗಿ ಬರ್ರಿ ಅಕ್ಕ. ನಮ್ಮ ಅಜ್ಜಿ ದಿನಾ ಬ್ಯಾಳಿ ಆರಿಸ್ಕೋತ ಕೂತಿರ್ತಾಳ" ಎಂದು ಕರೆದಳು. ಶುಕ್ರವಾರ ಮಧ್ಯಾಹ್ನ ಲುಂಬಿನಿ ಹೋದಳು. ಒಳ ಅಂಗಳದಲ್ಲಿ ಜಾನಕೀಬಾಯಿ ಕುಳಿತಿದ್ದರು. ಎಂಬತ್ತು ದಾಟಿದ ಜೀವ. ಕಾಲ ಬಳಿ ಹಾಸುಗಲ್ಲು, ಅದರ ಮೇಲೆ ಬಿಸಿಲು. ಆ ಬಿಸಿಲು ಕಲ್ಲಿನಿಂದ ಪುಟಿದು ಅಜ್ಜಿಯ ಮುಖಕ್ಕೆ ಕೆಳಗಿನಿಂದ ಬೀಳುತ್ತಿತ್ತು. "ಸರ್, ಅಂಥಾ ಬೆಳಕು ಸ್ಟುಡಿಯೋದಾಗ ಎಷ್ಟ ಲೈಟ್ ಹಚ್ಚಿದ್ರೂ ಬರಲ್ರಿ" ಎಂದಳು, ಆ ಸಂಜೆ ನನಗೆ ಹೇಳುವಾಗ.

ಅವಳು ಕೈಮುಗಿದು ಕೇಳಿದಳು: "ಬಾಯಾರ, ನಿಮ್ಮದೊಂದು ಫೋಟೋ ಇಳಸ್ಲೇನ್ರಿ?"

"ಬ್ಯಾಡ."

"ಯಾಕ್ರಿ?"

"ನಮ್ಮ ಯಜಮಾನರ್ದು ಇಳಸಿದ್ರು, ವರ್ಷ ತುಂಬೂದ್ರಾಗ ಹೋದ್ರು. ನಮ್ಮ ಭಾವನವರ್ದು ಇಳಸಿದ್ರು, ಅವರೂ ಹೋದ್ರು. ಏನ್ ಇಳೀತದ ಅಂತ ತಿಳದೀ ನೀ? ಆಯುಷ್ಯ ಇಳೀತದ!"

ವೃಂದಾ ನಡುವೆ ಬಾಯಿ ಹಾಕಿದಳು: "ಅಜ್ಜಿ, ಆಧಾರ ಕಾರ್ಡಿನ್ಯಾಗ ನಿನ್ನ ಫೋಟೋ ಅದಲ್ಲ!"

"ಅವರು ಇಳಸ್ತೀವಿ ಅಂದಿಲ್ಲ. ‘ಇಲ್ಲಿ ನೋಡ್ರಿ’ ಅಂದ್ರು, ನೋಡ್ದೆ. ಮ್ಯಾಲ ಅದರಾಗ ಇದ್ದಾಕಿ ನಾ ಅಲ್ಲ. ಯಾರೋ ಮೀಸಿ ಬೋಳಿಸಿದ ಗಂಡಸು."

ಆಗ ಮಗ ಶ್ರೀನಿವಾಸರು ಚಹಾದ ಬಟ್ಟಲು ಹಿಡಿದು ಬಂದರು. ತಾಲ್ಲೂಕು ಕಚೇರಿಯಲ್ಲಿದ್ದು ನಿವೃತ್ತರಾದವರು, ಶುದ್ಧ ಕನ್ನಡದ ಅಭಿಮಾನಿ. ತಾಯಿಯ ತಕರಾರು ಕೇವಲ ಶಬ್ದದ್ದು ಎಂದು ಅವರಿಗೆ ತೋರಿತು.

"ಅವ್ವಾ, ಇಳಸೂದು ಅನ್ನೂದು ಆಡುಮಾತು. ಇದರ ಶುದ್ಧ ರೂಪ ಛಾಯಾಗ್ರಹಣ."

"ಗ್ರಹಣ? ಇವತ್ತ?"

ಮುದುಕಿ ಮೊರವನ್ನು ಬದಿಗಿಟ್ಟು ಎದ್ದೇಬಿಟ್ಟರು. "ಮುಂಜಾನಿ ಪಂಚಾಂಗ ಓದಿದ್ಯಲ್ಲೋ, ಆಗ ಹೇಳಬಾರ್ದೇನು? ವೃಂದಾ, ಉಪ್ಪಿನಕಾಯಿ ಭರಣಿ ಮ್ಯಾಲ ದರ್ಭಿ ಹಾಕು! ನೀರು ಚೆಲ್ಲು! ಅಯ್ಯಯ್ಯ, ಅನ್ನ ಉಳದದಲ್ಲೋ!"

"ಅವ್ವಾ, ಆ ಗ್ರಹಣ ಅಲ್ಲ..."

"ಎರಡ ಥರಾ ಇರ್ತಾವ, ನನಗ ಗೊತ್ತದ. ಸೂರ್ಯಂದೋ ಚಂದ್ರಂದೋ, ಅದನ್ನ ಹೇಳು!"

ಗ್ರಹಣವಿಲ್ಲವೆಂದು ಅವರನ್ನು ನಂಬಿಸುವಷ್ಟರಲ್ಲಿ ಬಿಸಿಲು ಅಂಗಳವನ್ನು ದಾಟಿ ಗೋಡೆ ಹತ್ತಿತ್ತು. ಶುಕ್ರವಾರ ಹಾಗೆ ಹೋಯಿತು.

ಲುಂಬಿನಿ ಈ ಕಥೆಯನ್ನು ಅಂಗಡಿಯಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಿದ್ದಳು. ಶಿವಕಾಂತಮ್ಮ ಬಾಗಿಲಲ್ಲಿ ನಿಂತು, "ನಗು, ನಗು. ಸೋಮವಾರನೂ ಹಿಂಗ ನಗತಿ ಏನ್ ನೋಡ್ತೀನಿ" ಎಂದಳು.

ಶನಿವಾರ ಲುಂಬಿನಿ ಮತ್ತೆ ಹೋದಳು. ಜಾನಕೀಬಾಯಿ ಈ ಸಲ ತಾವೇ ಮಾತು ತೆಗೆದರು.

"ಯಾರ ಮಗಳವ್ವ ನೀ?"

"ವಾಡಿ ಭೀಮಶ್ಯಾನ ಮಗಳ್ರಿ. ಬೌದ್ಧರು."

ಅಜ್ಜಿ ತಲೆಯೆತ್ತಿ ಅವಳನ್ನೊಮ್ಮೆ ನೋಡಿದರು. ಬೆರಳುಗಳು ಬೇಳೆಯಲ್ಲಿ ಆಡುತ್ತಲೇ ಇದ್ದವು. ಆಮೇಲೆ, "ಬಿಸಿಲಾಗ್ಯಾಕ ನಿಂತಿ? ಕಟ್ಟಿ ಮ್ಯಾಲ ಬಾ, ಕೂಡು" ಎಂದರು. ಆ ಓಣಿಯನ್ನು ಬಲ್ಲವನಾದ್ದರಿಂದ ಹೇಳುತ್ತೇನೆ, ಇದು ಸಣ್ಣ ಮಾತಲ್ಲ.

"ನಿಂದು ಎಷ್ಟ ಸಲ ಇಳಸ್ಯಾರ?" ಎಂದು ಅಜ್ಜಿ ಕೇಳಿದರು.

ಲುಂಬಿನಿ ಯೋಚಿಸಿದಳು. "ಸಾಲಿ ಬಿಟ್ಟ ಮ್ಯಾಲ ಯಾರೂ ಇಳಸಿಲ್ಲರಿ. ನಾನೇ ಎಲ್ಲಾರ್ದು ಇಳಸಾಕಿ, ನಂದ್ಯಾರು ಇಳಸ್ತಾರ?"

"ಹಂಗಾದ್ರ ನಾ ಇಳಸ್ತೀನಿ. ನಾಳೆ ನೀ ನೆಟ್ಟಗ ಬಂದಿ ಅಂದ್ರ, ಆಮ್ಯಾಲ ನಂದು ನೋಡೂಣು."

"ಅಜ್ಜಿ! ಆಕಿಗೇನರ ಆದ್ರ?" ಎಂದಳು ವೃಂದಾ.

"ಏನೂ ಆಗಲ್ಲ. ಗಟ್ಟಿ ಅದಾಳ."

ಲುಂಬಿನಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಒತ್ತಬೇಕಾದ ಗುಂಡಿಯನ್ನು ತೋರಿಸಿದಳು. ಅಜ್ಜಿ ಗುಂಡಿ ಒತ್ತುವ ಭರದಲ್ಲಿ ಕ್ಯಾಮೆರಾವನ್ನೇ ಕೆಳಗೆ ಬಗ್ಗಿಸಿದರು. ಪರದೆಯ ಮೇಲೆ ಕಂಡದ್ದು ಕೊರಳಿನಿಂದ ಕೆಳಗಿನ ಲುಂಬಿನಿ. "ತಲಿ ಎಲ್ಲಿ ಹೋತು?" ಎಂದು ಅಜ್ಜಿ ಕ್ಯಾಮೆರಾದ ಹಿಂದೆ ಮುಂದೆ ಹುಡುಕಿದರು. ಒಟ್ಟಿನಲ್ಲಿ ಇಳಿಸಿದ್ದಂತೂ ಆಯಿತು. ಇನ್ನು ಭಾನುವಾರ ಇವಳು ಆರೋಗ್ಯವಾಗಿ ಹೋಗಿ ಎದುರು ನಿಲ್ಲಬೇಕು, ಅಷ್ಟೇ ಕೆಲಸ.

ಆದರೆ ಶನಿವಾರ ಮನೆಗೆ ಮರಳುವ ಮೊದಲು ಸೇಡಂನ ಗಿರಣಿಗೆ ಹೋಗಿ, ಫೋಟೋಕ್ಕಾಗಿ ಹೊಸ ಬೇಳೆ ತುಂಬಿಸಿಕೊಂಡು ಬಂದಿದ್ದಳು. ಅಲ್ಲಿನ ತೊಗರಿ ಹೊಟ್ಟಿನ ಧೂಳು ಮೂಗಿಗೆ ಹೊಕ್ಕಿತು. ಭಾನುವಾರ ಬೆಳಿಗ್ಗೆ ಏಳುವಾಗ ಕಣ್ಣು ಕೆಂಪು, ಮೂಗು ಕೆಂಪು, ಸೀನಿನ ಮೇಲೆ ಸೀನು! ಇನ್ನೊಂದು ದಿನ ಮುಂದೂಡೋಣವೆಂದರೆ ಮರುದಿನವೇ ಸೋಮವಾರ.

"ಸೀನು ತಡ್ಕೋ" ಎಂದಳು ಶಿವಕಾಂತಮ್ಮ, ಮಗಳ ಮೂಗಿಗೆ ಕೊಬ್ಬರಿ ಎಣ್ಣೆ ಸವರುತ್ತ. "ಒಂದ ಸೀನಿಗಿ ನಿನ್ನ ಅಂಗಡಿ ಹೋಗ್ತದ."

ದಾರಿಯುದ್ದಕ್ಕೂ ಸ್ಕೂಟಿಯ ಮೇಲೆ ಸೀನಿ ಸೀನಿ, ಒಳಗಿದ್ದದ್ದನ್ನೆಲ್ಲ ಖಾಲಿ ಮಾಡಿಕೊಂಡು ಅವಳು ಮಳಖೇಡ ಮುಟ್ಟಿದಳು. ಜಾನಕೀಬಾಯಿ ವೈದ್ಯರ ಹಾಗೆ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಶ್ರೀನಿವಾಸರೂ ವೃಂದಾಳೂ ಬಾಗಿಲಲ್ಲಿ ಬಂದು ನಿಂತರು.

"ನೆಟ್ಟಗ ಅದೀ?"

"ಅದೀನ್ರಿ ಬಾಯಾ..."

ಮಾತು ಮುಗಿಯಲಿಲ್ಲ. ಬಂದ ಸೀನು ಎಂಥದೆಂದರೆ ಮೊರದಲ್ಲಿನ ಬೇಳೆ ಹಾರಿ ಅಂಗಳಕ್ಕೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಲುಂಬಿನಿ ಮೂಗು ಮುಚ್ಚಿಕೊಂಡು ನಿಂತಳು. ಮುಗಿಯಿತು, ಅಂಗಡಿ ಹೋಯಿತು ಎಂದುಕೊಂಡಳು.

ಅಜ್ಜಿಯ ಮುಖ ಮಾತ್ರ ಅರಳಿತು! ಮಗನ ಕಡೆಗೆ ತಿರುಗಿ, "ನೋಡಿದ್ಯಾ? ಇಳೀತದ ಅಂತ ಹೇಳಿಲ್ಲೇನು ನಾ? ಕಚೇರ್ಯಾಗ ಕೂತು ಬಂದಾರ, ದೊಡ್ಡ ಶಾಣ್ಯಾರು!" ಎಂದರು. ತಮ್ಮ ಬೆರಳಿಗೆ ಇಷ್ಟು ಶಕ್ತಿಯಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಮರುಕ್ಷಣವೇ ಕನಿಕರ ಉಕ್ಕಿತು. ಒಳಗೆ ಹೋಗಿ ಶುಂಠಿ ಮೆಣಸಿನ ಕಷಾಯ ಮಾಡಿ ತಂದರು.

"ಇದು ಕುಡಿ. ನಿನ್ನಿ ತಲಿ ಬಿಟ್ಟು ಇಳಸಿದ್ನಲ್ಲ, ಅದಕ್ಕ ತಲಿಗಿ ನೆಗಡಿ ಬಂದದ. ಇವತ್ತ ತಲಿ ಸಮೇತ ಇಳಸ್ತೀನಿ, ಎಲ್ಲಾ ಸಮಾ ಆಗ್ತದ. ಕೂಡು ಅಲ್ಲಿ!"

"ಬಾಯಾರ, ನಿಮ್ಮದು..."

"ಮೊದಲ ನಿಂದು! ಮತ್ತ ಸುಮ್ಮ ಕೂಡಬ್ಯಾಡ, ಬ್ಯಾಳಿ ಆರಿಸು. ನಮ್ಮ ಮನ್ಯಾಗ ಯಾರೂ ಖಾಲಿ ಕೂಡಲ್ಲ."

ಲುಂಬಿನಿ ಬೆಳಕು ನೋಡಿ ಮುಕ್ಕಾಲಿಯನ್ನು ನಿಲ್ಲಿಸಿದಳು, ಬಗ್ಗದಂತೆ ತಿರುಪು ಬಿಗಿದಳು, ಗುಂಡಿ ಒತ್ತಿದಷ್ಟು ಹೊತ್ತೂ ಚಿತ್ರಗಳು ಬರುವಂತೆ ಇಟ್ಟಳು. ಅಜ್ಜಿ ಕುಳಿತಿದ್ದ ಜಾಗದಲ್ಲಿಯೇ ಮೊರ ಹಿಡಿದು ಕುಳಿತಳು. ಗಂಟಲಲ್ಲಿ ಕಷಾಯ ಉರಿಯುತ್ತಿದೆ, ಕಣ್ಣಲ್ಲಿ ನೀರು. ಎದುರಿನಿಂದ ಅಪ್ಪಣೆಗಳು: "ಅಲುಗಬ್ಯಾಡ! ಸೀನಬ್ಯಾಡ! ಆ ಕಲ್ಲು ತಗಿ, ಅದು ಕಲ್ಲ ಅದ, ಬ್ಯಾಳಿ ಅಲ್ಲ!" ಲುಂಬಿನಿಗೆ ನಗು ಬಂತು, ನಗುತ್ತಲೇ ಕಲ್ಲನ್ನು ಹೆಕ್ಕಿದಳು. ಅಜ್ಜಿ ಒತ್ತಿದ ಬೆರಳನ್ನು ಎತ್ತಲೇ ಇಲ್ಲ.

ಕೊನೆಗೆ ಅವಳು ಎದ್ದು ಕೇಳಿದಳು: "ಬಾಯಾರ, ಇನ್ನ ನಿಮ್ಮದು?"

"ನಂದ್ಯಾಕ? ಕಣ್ಣಾರೆ ನೋಡಿದ್ಯಲ್ಲ ಏನಾಗ್ತದ ಅಂತ! ನಾ ಇಳಸಾಕಿ, ಇಳಸ್ಕೊಳ್ಳಾಕಿ ಅಲ್ಲ" ಎಂದು ಜಾನಕೀಬಾಯಿ ಮೊರವನ್ನು ಎತ್ತಿಕೊಂಡು ಒಳಗೆ ನಡೆದರು.

ಸೋಮವಾರ ಬೆಳಿಗ್ಗೆ ಸೋತ ಮುಖ ಹೊತ್ತು ಲುಂಬಿನಿ ಸೇಡಂಗೆ ಹೋದಳು. "ಆಗಲಿಲ್ಲರಿ ಸಾವ್ಕಾರ್ರ, ಉಲ್ಟಾ ಮೊರಾನೇ ಛಾಪಸ್ರಿ" ಎಂದಳು. ಸಾಹುಕಾರರು ಬಿಡುವ ಆಸಾಮಿಯಲ್ಲ. ಇದ್ದದ್ದನ್ನೇ ತೋರಿಸು ಎಂದು ಕ್ಯಾಮೆರಾ ಇಸಿದುಕೊಂಡು ಒಂದೊಂದಾಗಿ ದಾಟಿಸತೊಡಗಿದರು. ದಂಡೋತಿಯ ಇಳಕಲ್ ಸೀರೆಗಳು ಹೋದವು. ತಲೆಯಿಲ್ಲದ ಚಿತ್ರವೂ ಹೋಯಿತು. ಇದ್ದಕ್ಕಿದ್ದಂತೆ ಅವರು ಕುರ್ಚಿ ಬಿಟ್ಟು ಎದ್ದರು.

"ಏ! ಇದು! ಇದೇ ಬೇಕಾಗಿತ್ತು ನನಗ! ಖರೇನೇ ಆರಿಸ್ಲಿಕತ್ತಾಳ ನೋಡು, ಬೆರಳಾಗ ಕಲ್ಲು ಸಿಕ್ಕದ! ಕಣ್ಣು ನೋಡು, ಹೆಂಗ ಹೊಳೀಲಿಕತ್ತಾವ! ಯಾರೀಕಿ?"

"ನಾನೇರಿ."

ಸಾಹುಕಾರರು ಕ್ಯಾಮೆರಾವನ್ನೂ ಅವಳನ್ನೂ ಮೂರು ಸಲ ನೋಡಿದರು.

"ಆದ್ರ ಅದು ನಾ ಇಳಸಿದ್ದಲ್ಲರಿ" ಎಂದಳು ಲುಂಬಿನಿ. ಕೆಲಸ ಹೋದರೂ ಸರಿ, ಇನ್ನೊಬ್ಬರು ಇಳಿಸಿದ್ದನ್ನು ತನ್ನದೆನ್ನಲು ಅವಳಿಗೆ ಮನಸ್ಸಾಗಲಿಲ್ಲ. "ಮಳಖೇಡದ ಜಾನಕೀಬಾಯಾರು ಇಳಸ್ಯಾರ."

"ಅಂಗಳ ಹುಡಕಿದಾಕಿ ಯಾರು?"

"ನಾನು."

"ಬೆಳಕ ನೋಡಿ ಮಷೀನು ನಿಲ್ಲಿಸಿದಾಕಿ?"

"ನಾನೇರಿ."

"ಹಂಗಾದ್ರ ಕೆಲಸ ನಿಂದ. ಬಟನ್ ಒತ್ತಿದವರ್ದು ಒಂದು ಹೂಂ ತಗೊಂಡು ಕೊಡು, ಮುಗೀತು."

ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ಮುನೀಮರು ಕೆಮ್ಮಿ, ತಗ್ಗಿದ ದನಿಯಲ್ಲಿ, "ಸಾವ್ಕಾರ್ರ, ಊರೂರಿಗಿ ಹೋಗೂ ಪಾಕೀಟು. ಯಾರ ಪೈಕಿ ಅಂತ ಒಂದ ಮಾತು ಕೇಳಿದ್ರ..." ಎಂದರು.

"ಬ್ಯಾಳಿ ಪೈಕಿ!" ಎಂದರು ಸಾಹುಕಾರರು. ಮುನೀಮರು ಮತ್ತೆ ಕೆಮ್ಮಲಿಲ್ಲ.

ಅಲ್ಲಿಂದಲೇ ವೃಂದಾಳಿಗೆ ಫೋನು ಹೋಯಿತು. ಜಾನಕೀಬಾಯಿಯ ದನಿ ಇಡೀ ಕಚೇರಿಗೆ ಕೇಳಿಸಿತು: "ನಾ ಇಳಸಿದ್ದು ಅಚ್ಚಾಗ್ತದೇನ? ಹಂಗಾದ್ರ ನನ್ನ ಹೆಸರು ಹಾಕ್ರಿ! ಸಣ್ಣದಾಗಿ ಬ್ಯಾಡ, ಚಸ್ಮಾ ಇಲ್ಲದ ಕಾಣಬೇಕು!"

ಯುಗಾದಿಗೆ ಮೊದಲೇ ಪಾಕೀಟು ಬಂತು. ನಾನು ಆ ದಿನ ವಾಡಿಯಲ್ಲಿ ಅವರ ಮನೆಯಲ್ಲಿದ್ದೆ. ಅಂಗಡಿಯ ಶಟರ್ ತೆರೆದೇ ಇತ್ತು. ಶಹಾಬಾದಿನ ಕಲ್ಲಿನವರು ತಮ್ಮ ಕೆಲಸಗಾರರ ಚಿತ್ರಗಳಿಗಾಗಿ, ಚಿತ್ತಾಪುರದ ಹೊಲಿಗೆ ಯಂತ್ರದ ಹೆಣ್ಣುಮಕ್ಕಳು ತಮ್ಮ ಅಂಗಡಿಯ ಬೋರ್ಡಿಗಾಗಿ ಆಗಲೇ ಹೇಳಿ ಹೋಗಿದ್ದರು. ಗ್ಯಾಂಗಿನ ಹಳೆಯ ಗೆಳೆಯರಿಗೆಲ್ಲ ತೋರಿಸಿ ಬರುತ್ತೇನೆಂದು ಭೀಮಶ್ಯಾ ಒಂದು ಪಾಕೀಟನ್ನು ಬಗಲಲ್ಲಿಟ್ಟುಕೊಂಡು ಹೋದವನು ಇನ್ನೂ ಮರಳಿರಲಿಲ್ಲ.

ಶಿವಕಾಂತಮ್ಮ ಇನ್ನೊಂದು ಪಾಕೀಟನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ನಮ್ಮವ್ವ ಕೂಲಿ ಬ್ಯಾಳಿ ಇಸ್ಕೊಳ್ಳಾಕ ಹ್ವಾದ್ರ ಅಂಗಳದಾಗ ನಿಲ್ಲಸ್ತಿದ್ರು" ಎಂದಳು. "ಉಡಿಗಿ ಮ್ಯಾಲಿಂದ ಸುರೀತಿದ್ರು. ಒಳಗ ಅಡಿಗಿಮನಿ ಹೆಂಗ ಇರ್ತದ ಅಂತ ಆಕಿ ಒಮ್ಮೆನೂ ನೋಡಿದ್ದಿಲ್ಲ. ಈಗ ಈಕಿ ನೋಡು, ಊರಾಗಿನ ಎಲ್ಲಾ ಅಡಿಗಿಮನ್ಯಾಗ ನಕ್ಕೋತ ಕುಂತಾಳ!"

"ಅದಕ್ಕ ಅಳ್ತಾರೇನ್ ಯವ್ವಾ?" ಎಂದಳು ಲುಂಬಿನಿ.

"ಅಳಾಕತ್ತಿಲ್ಲ. ನಿನ್ನ ನೆಗಡಿ ನನಗ ಬಂದದ."

ಹೀಗೆ ಹೇಳಿ ಅವಳು ಕತ್ತರಿ ತಂದು, ಮಗಳ ಮುಖಕ್ಕೆ ತಾಗದಂತೆ ಪಾಕೀಟನ್ನು ಕೆಳಗಿನಿಂದ ಕತ್ತರಿಸಿ ಬೇಳೆಯನ್ನು ಒಲೆಯ ಮೇಲೆ ಬೇಯಲು ಇಟ್ಟಳು. ಅದು ಬೇಯುವಷ್ಟರಲ್ಲಿ ಚಿಂಚೋಳಿಯಿಂದ ಮತ್ತೊಂದು ಕರೆ, ಸಂಜೆಯೊಳಗೆ ಅಲ್ಲಿರಬೇಕಂತೆ. "ಉಂಡು ಹೋಗು" ಎಂದು ತಾಯಿ ಬಾಗಿಲಿಗೆ ಅಡ್ಡ ನಿಂತಳು. ಲುಂಬಿನಿ ನಿಂತುಕೊಂಡೇ ಬಿಸಿ ಬೇಳೆಗೆ ರೊಟ್ಟಿ ಮುರಿದು ತಿಂದು, ಕೈ ತೊಳೆದು, ಕ್ಯಾಮೆರಾದ ಚೀಲವನ್ನು ಹೆಗಲಿಗೆ ಏರಿಸಿಕೊಂಡು ಬಸ್ಸಿಗೆ ಓಡಿದಳು.